ಉಸಿರಿಗೊಂದು ಊರುಗೋಲು

ಗೊರಕೆಯನ್ನು ಸುಖನಿದ್ರೆಯ ಲಕ್ಷಣವೆಂದೆಣಿಸುವ ವಾಡಿಕೆ ನಮ್ಮಲ್ಲಿ ಹಳೆಯದು. ಗೊರಕೆ ಹೊಡೆಯುವವನನ್ನು ಕುಂಭಕರ್ಣನೆಂದು ಕರೆದು ನಕ್ಕು ಮಗ್ಗುಲಾಗುತ್ತೇವೆ. ಆದರೆ ಗೊರಕೆ ಥಟ್ಟನೆ ನಿಂತು, ಹತ್ತಿಪ್ಪತ್ತು ಸೆಕೆಂಡುಗಳ ಮೌನ ಕವಿದು, ಬಳಿಕ ಮಲಗಿದಾತನು ಮಡುವಿನಿಂದ ಮೇಲೆದ್ದವನಂತೆ ಏದುಸಿರು ಬಿಟ್ಟರೆ, ಅದು ನಗುವ ಸಂಗತಿಯಲ್ಲ. ಆ ಮೌನವೇ ವ್ಯಾಧಿ. ವೈದ್ಯರು ಅದನ್ನು ಸ್ಲೀಪ್ ಆಪ್ನಿಯ ಎನ್ನುತ್ತಾರೆ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ನಾಲಗೆಯ ಬುಡದಲ್ಲಿ, ಕತ್ತಿನ ಸುತ್ತ ಕೊಬ್ಬು ಸೇರಿದ್ದರೆ ಉಸಿರಿನ ಹಾದಿ ಮುಚ್ಚಿಹೋಗುತ್ತದೆ. ದವಡೆ ಕಿರಿದಾದ ತೆಳುದೇಹಿಗಳಿಗೂ ಇದು ತಪ್ಪಿದ್ದಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಲೇ ಮೆದುಳು ಮೈಯನ್ನು ಅರೆಕ್ಷಣ ಎಬ್ಬಿಸುತ್ತದೆ. ಗಂಟೆಗೆ 30 ಸಲವೋ ಅದಕ್ಕೂ ಹೆಚ್ಚೋ ಉಸಿರು ಕಟ್ಟಿದರೆ ಅಥವಾ ಕುಗ್ಗಿದರೆ ರೋಗ ತೀವ್ರವೆಂದು ಲೆಕ್ಕ. ಅಂಥವನು ರಾತ್ರಿಯೆಲ್ಲ ಮಲಗಿದ್ದೂ ಮಲಗಿದವನಲ್ಲ.

ವೈದ್ಯರಿಗಿಂತ ಮೊದಲು ಇಂಥದೊಂದು ಚಿತ್ರವನ್ನು ಬರೆದಿಟ್ಟವನು ಕಾದಂಬರಿಕಾರ. 1836–37ರಲ್ಲಿ ಬಂದ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಹೊತ್ತುಗೊತ್ತಿಲ್ಲದೆ ತೂಕಡಿಸುವ ಜೋ ಎಂಬ ದಢೂತಿ ಹುಡುಗನಿದ್ದಾನೆ. ಸ್ಥೂಲತೆ, ಹಗಲುನಿದ್ರೆ, ಉಸಿರಿನ ಕೊರತೆ ಒಂದುಗೂಡಿದ ವ್ಯಾಧಿಗೆ 1956ರಲ್ಲಿ ಅಮೆರಿಕದ ವೈದ್ಯರು ಪಿಕ್‌ವಿಕ್ಕನ ಹೆಸರನ್ನೇ ಇಟ್ಟರು. ಆ ದಿನಗಳ ತೀವ್ರ ರೋಗಿಗಳಿಗೆ ಗಂಟಲಿನಲ್ಲಿ ರಂಧ್ರ ಕೊರೆಯುವುದೇ ಮುಖ್ಯ ಪರಿಹಾರವಾಯಿತು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಮೆಲ್ಲನೆಯ ಒತ್ತಡದ ಗಾಳಿಯನ್ನು ಎಡೆಬಿಡದೆ ಹರಿಸಿ ಐವರು ರೋಗಿಗಳ ಉಸಿರುಹಾದಿಯನ್ನು ತೆರೆದಿಟ್ಟರು. ಗಾಳಿಯೇ ಆಸರೆಗಂಬವಾಯಿತು.

ಈ ಯಂತ್ರ ಇಂದು ನನ್ನ ಹಾಸಿಗೆಯ ಮಗ್ಗುಲಲ್ಲಿಯೂ ಇದೆ. ಮುಸುಕು, ಅದರಿಂದ ಇಳಿಬಿದ್ದ ಕೊಳವೆ. ಮೊದಲ ರಾತ್ರಿ ಮೊಮ್ಮಗಳು ಕೈಮುಗಿದು ‘ಗಣಪ’ ಎಂದಳು. ಮೂಗು ಒಣಗಿದ್ದುಂಟು, ಅರೆನಿದ್ರೆಯಲ್ಲಿ ಕಿತ್ತೆಸೆದದ್ದುಂಟು. ಕೆಲವು ವಾರಗಳಲ್ಲಿ ಹಗಲು ಮರಳಿತು: ಪುಸ್ತಕದ ಎರಡನೆಯ ಪುಟಕ್ಕೇ ರೆಪ್ಪೆ ಮುಚ್ಚುವುದು ನಿಂತಿತು.

ಆದರೆ ಯಂತ್ರ ತೂಕವನ್ನು ಇಳಿಸುವುದಿಲ್ಲ. ಉಸಿರಿಗಾಗಿ ಇರುಳೆಲ್ಲ ಹೋರಾಡುತ್ತಿದ್ದ ಮೈಯ ಶ್ರಮ ತಗ್ಗುವುದರಿಂದಲೋ ಏನೋ, ಕೆಲವರ ತೂಕ ತುಸು ಏರುವುದನ್ನೂ ಸಂಶೋಧಕರು ಕಂಡಿದ್ದಾರೆ. 2000ದಲ್ಲಿ ಪ್ರಕಟವಾದ ವಿಸ್ಕಾನ್ಸಿನ್‌ನ ಅಧ್ಯಯನವೊಂದರಂತೆ, ತೂಕ ನೂರಕ್ಕೆ 10ರಷ್ಟು ಏರಿದರೆ ಈ ಉಸಿರುತಡೆಗಳು ಸುಮಾರು 32ರಷ್ಟು ಹೆಚ್ಚುತ್ತವೆ. ಅಷ್ಟೇ ಇಳಿದರೆ ಸುಮಾರು 26ರಷ್ಟು ತಗ್ಗುತ್ತವೆ. ಸ್ಥೂಲಕಾಯರಾದ ಇಂಥ ರೋಗಿಗಳಿಗೆಂದು 2024ರ ಡಿಸೆಂಬರಿನಲ್ಲಿ ಅಮೆರಿಕ ಸರಕಾರ ಟಿರ್ಜೆಪಟೈಡ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟದ್ದೂ ತೂಕದ ದಾರಿಯಿಂದಲೇ.

ಹಾಗಾದರೆ ಯಂತ್ರದ ಹಿರಿಮೆ ಎಲ್ಲಿ? ನಿದ್ರೆಗೆಟ್ಟ ಮೈಗೆ ಹಸಿವು ಹೆಚ್ಚು, ನಡೆಯುವ ಮನಸ್ಸು ಕಡಮೆ. ಅಂಥವನಿಗೆ ಮಿತಾಹಾರದ ಉಪದೇಶ ಮಾಡುವುದು ಕಾಲು ಕಟ್ಟಿ ಓಡೆಂದಂತೆ. ಯಂತ್ರ ಆ ಕಟ್ಟನ್ನು ಬಿಚ್ಚುತ್ತದೆ, ಓಡಬೇಕಾದವರು ನಾವು. ಬೆಳಗಿನ ನಡಿಗೆಗೆ ಹೊರಡಲು, ಎಲೆಗೆ ಎರಡನೆಯ ಸಲ ಅನ್ನ ಬಂದಾಗ ಕೈ ಅಡ್ಡ ಹಿಡಿಯಲು ನನಗೆ ಬಲ ಬಂದದ್ದು ಇರುಳಿನ ನಿದ್ರೆಯಿಂದ. ತೂಕ ಇಳಿದಿತೆಂದು ಮುಸುಕನ್ನು ತಾವಾಗಿ ತೆಗೆದಿಡುವುದೂ ಸಲ್ಲದು. ಮತ್ತೊಮ್ಮೆ ನಿದ್ರೆಯನ್ನು ಅಳೆದು ನೋಡಿದ ಮೇಲೆ ವೈದ್ಯರೇ ಹೇಳಬೇಕು. ಊರುಗೋಲು ನಡೆಯುವವನಿಗೆ ಆಸರೆ; ಅವನ ಬದಲಿಗೆ ಅದು ನಡೆಯದು.