ಬೇರೆ ತಾಣದ ಮಾಹಿತಿಗೆ ಅಪ್ಪಣೆ ಏಕೆ?

ಊರಿಗೆ ಹಣ ಕಳುಹಿಸಲು ನಮ್ಮಲ್ಲಿ ಅನೇಕರು ಬ್ಯಾಂಕಿನ ತಾಣವನ್ನು ಕಂಪ್ಯೂಟರಿನಲ್ಲಿ ತೆರೆಯುತ್ತೇವೆ. ಅದೇ ಹೊತ್ತಿಗೆ ಪಕ್ಕದ ಟ್ಯಾಬಿನಲ್ಲಿ ಯಾವುದೋ ಅಪರಿಚಿತ ಪುಟವೂ ತೆರೆದಿರುತ್ತದೆ. ಆ ಪುಟದೊಳಗಿನ ಜಾವಾಸ್ಕ್ರಿಪ್ಟ್ ನಮ್ಮ ಬ್ರೌಸರಿನ ಮೂಲಕವೇ ಬ್ಯಾಂಕಿಗೆ ಕೋರಿಕೆ ಕಳುಹಿಸಿ, ನಮ್ಮ ಲೆಕ್ಕವನ್ನು ಓದಿಬಿಟ್ಟರೆ ಗತಿಯೇನು? ನಾವು ಲಾಗಿನ್ ಆದ ಗುರುತು, ಅಂದರೆ ಕುಕಿ, ಬ್ರೌಸರಿನಲ್ಲಿಯೇ ಇರುವುದರಿಂದ ಬ್ಯಾಂಕು ಅದನ್ನು ನಮ್ಮದೇ ಕೋರಿಕೆಯೆಂದು ನಂಬಬಹುದು.

ಇದಕ್ಕಾಗಿಯೇ ಬ್ರೌಸರಿನಲ್ಲಿ ಒಂದು ಕಟ್ಟಳೆಯಿದೆ. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯು ಜಾವಾಸ್ಕ್ರಿಪ್ಟನ್ನು ಬಳಕೆಗೆ ತಂದಿತು. ಅದರ ಬೆನ್ನಿಗೇ ಈ ಕಟ್ಟಳೆಯೂ ಬಂದಿತು. ಒಂದು ಮೂಲದ ಪುಟವು ಇನ್ನೊಂದು ಮೂಲದ ಉತ್ತರವನ್ನು ಓದಕೂಡದು ಎಂಬುದೇ ಅದರ ಸಾರ. ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಎಂಬ ರೀತಿ, ತಾಣದ ಹೆಸರು, ಪೋರ್ಟ್ ಸಂಖ್ಯೆ - ಈ ಮೂರೂ ಸೇರಿ ಮೂಲವೆನಿಸುತ್ತವೆ. ಒಂದು ಬೇರೆಯಾದರೂ ಮೂಲವೇ ಬೇರೆ.

ಹಾಗಾದರೆ ನ್ಯಾಯವಾದ ಅಗತ್ಯವಿದ್ದವರು ಏನು ಮಾಡಬೇಕು? ಕಚೇರಿಯಲ್ಲಿ ಬೇರೆ ಇಲಾಖೆಯ ಕಡತ ಬೇಕಾದರೆ, ಆ ಇಲಾಖೆಯವರ ಒಪ್ಪಿಗೆ ಬೇಕಷ್ಟೆ. ಇಲ್ಲಿಯೂ ಹಾಗೆಯೇ. ಕೋರಿಕೆಯೊಡನೆ ಬ್ರೌಸರು ಪುಟದ ಮೂಲವನ್ನು 'ಆರಿಜಿನ್' ಎಂಬ ಸಾಲಿನಲ್ಲಿ ತಿಳಿಸುತ್ತದೆ. ಒಪ್ಪಿಗೆಯಿದ್ದರೆ ಆಚೆಯ ಸರ್ವರು ತನ್ನ ಉತ್ತರದಲ್ಲಿ 'ಆಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್' ಎಂಬ ಸಾಲಿನಲ್ಲಿ ಆ ಮೂಲವನ್ನು ಬರೆಯುತ್ತದೆ. ಆಗ ಮಾತ್ರ ಪುಟಕ್ಕೆ ಉತ್ತರ ದೊರೆಯುತ್ತದೆ. ಮಾಹಿತಿಯನ್ನು ಅಳಿಸುವಂಥ ಕೋರಿಕೆಯಾದರೆ, ಬ್ರೌಸರು ಮೊದಲು 'ಆಪ್ಶನ್ಸ್' ಎಂಬ ವಿಚಾರಣೆಯನ್ನು ಕಳುಹಿಸಿ ಅಪ್ಪಣೆ ಪಡೆಯುತ್ತದೆ. 'ಕಾರ್ಸ್' ಎನ್ನುವ ಈ ಪದ್ಧತಿಯು 2014ರಲ್ಲಿ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾಯಿತು.

ಕಚೇರಿಗಳಲ್ಲಿ ಪುಟ ಸಿದ್ಧಪಡಿಸುವ ನಮ್ಮ ತರುಣರು ಬ್ರೌಸರು ತಡೆಯಿತೆಂದು ಅದರ ಕಾವಲನ್ನೇ ತೆಗೆಯುವುದುಂಟು. ಅದು ಸಲ್ಲದು. ತಿದ್ದಬೇಕಾದುದು ಆಚೆಯ ಸರ್ವರಿನಲ್ಲಿ. ಅಲ್ಲಿಯೂ ಎಲ್ಲರಿಗೂ ಒಪ್ಪಿಗೆಯೆಂಬ ನಕ್ಷತ್ರ ಚಿಹ್ನೆಯನ್ನು ಸಾರ್ವಜನಿಕ ಮಾಹಿತಿಗೆ ಮಾತ್ರ ಹಾಕಬೇಕು. ಕುಕಿ ಸಹಿತವಾದ ಕೋರಿಕೆಗೆ ಬಂದ ಉತ್ತರದಲ್ಲಿ ಈ ಚಿಹ್ನೆಯಿದ್ದರೆ ಬ್ರೌಸರು ಅದನ್ನು ಒಪ್ಪುವುದೇ ಇಲ್ಲ.

ಇನ್ನೊಂದು ಮಾತು. ಈ ಕಟ್ಟಳೆ ತಡೆಯುವುದು ಮುಖ್ಯವಾಗಿ ಉತ್ತರವನ್ನು ಓದುವುದನ್ನು. ಸರಳವಾದ ಕೋರಿಕೆ ಹೊರಟುಹೋಗುವುದನ್ನು ಅದು ತಡೆಯದು. ಆದ್ದರಿಂದ ಬ್ಯಾಂಕಿನ ಕೆಲಸ ಮುಗಿದೊಡನೆ ಲಾಗೌಟ್ ಮಾಡಿಯೇ ಬೇರೆ ಪುಟಗಳನ್ನು ತೆರೆಯಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ.