ತಂಪುಪೆಟ್ಟಿಗೆ: ನೆಲೆಗೊಳಿಸುವ ಬಗೆ, ನೋಡಿಕೊಳ್ಳುವ ಬಗೆ

ಹೊಸ ರೆಫ್ರಿಜರೇಟರು ಮನೆಗೆ ಬಂದ ದಿನ ಮನೆಮಂದಿಗೆಲ್ಲ ಒಂದು ಸಣ್ಣ ಹಬ್ಬವೇ ಸರಿ. ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಒಡನೆಯೇ ಸ್ವಿಚ್ಚನ್ನು ಒತ್ತುತ್ತಾರೆ. ಮಂಜುಗಡ್ಡೆ ಆಯಿತೇ ಎಂದು ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಬಾಗಿಲು ತೆರೆದು ನೋಡುತ್ತಾರೆ. ಈ ಸಂಭ್ರಮದಲ್ಲಿ ಎರಡು ತಪ್ಪುಗಳು ಆಗಲೇ ನಡೆದುಹೋದುವು. ಅವು ಏಕೆ ತಪ್ಪೆಂಬುದನ್ನು ತಿಳಿಯಬೇಕಾದರೆ ಈ ಪೆಟ್ಟಿಗೆಯ ಅಂತರಂಗವನ್ನು ಕೊಂಚ ಅರಿತುಕೊಳ್ಳಬೇಕು.

ತಂಪುಪೆಟ್ಟಿಗೆಯು ತಂಪನ್ನು ಹುಟ್ಟಿಸುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದು ಮಾಡುವುದು ಒಂದೇ ಕೆಲಸ: ಒಳಗಿನ ಶಾಖವನ್ನು ಎತ್ತಿ ಹೊರಗೆ ಚೆಲ್ಲುವುದು. ನೀರು ತಾನಾಗಿ ತಗ್ಗಿಗೆ ಹರಿಯುವಂತೆ ಶಾಖವೂ ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ಬಾವಿಯ ನೀರನ್ನು ಮೇಲಿನ ತೊಟ್ಟಿಗೆ ಏರಿಸಲು ಪಂಪು ಹೇಗೆ ಬೇಕೋ, ಶಾಖವನ್ನು ತಂಪಿನಿಂದ ಬಿಸಿಗೆ ಸಾಗಿಸಲು ಹಾಗೆಯೇ ಒಂದು ಪಂಪು ಬೇಕು. ಪೆಟ್ಟಿಗೆಯ ಬುಡದಲ್ಲಿ ಗುಂಯ್‌ಗುಡುವ ಕಂಪ್ರೆಸರೇ ಆ ಪಂಪು.

ಶಾಖವನ್ನು ಹೊರುವ ಕೂಲಿ ಒಂದು ದ್ರವ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರು ತಂಪಾಗುವುದನ್ನು ಎಲ್ಲರೂ ಬಲ್ಲರು. ದ್ರವವು ಆವಿಯಾಗಬೇಕಾದರೆ ಗುಪ್ತೋಷ್ಣ ಬೇಕು. ಅದನ್ನು ಅದು ಸುತ್ತಲಿನಿಂದ ಕಿತ್ತುಕೊಳ್ಳುತ್ತದೆ. ಇಂದು ಮನೆಬಳಕೆಯ ಹೆಚ್ಚಿನ ಹೊಸ ಪೆಟ್ಟಿಗೆಗಳಲ್ಲಿರುವ ಐಸೊಬ್ಯೂಟೇನ್ ಎಂಬ ವಸ್ತು ಸಾಮಾನ್ಯ ವಾಯುಭಾರದಲ್ಲಿ ಸುಮಾರು ಸೊನ್ನೆಗಿಂತ 12 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಒಳಗಿನ ಕೊಳವೆಗಳಲ್ಲಿ ಅದು ಕಡಿಮೆ ಒತ್ತಡದಲ್ಲಿ ಆವಿಯಾಗಿ ಶಾಖವನ್ನು ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಅದುಮಿ ಬಿಸಿಮಾಡಿ ಹಿಂಬದಿಯ ಅಥವಾ ಪಕ್ಕಗಳ ಕೊಳವೆಗಳಿಗೆ ದೂಡುತ್ತದೆ. ಅಲ್ಲಿ ಅದು ಕೋಣೆಯ ಗಾಳಿಗೆ ಶಾಖವನ್ನು ಕೊಟ್ಟು ಮತ್ತೆ ದ್ರವವಾಗುತ್ತದೆ. ಬಳಿಕ ಕೂದಲಿನಷ್ಟು ಕಿರಿದಾದ ನಾಳದ ಮೂಲಕ ಹಾಯ್ದು, ಒತ್ತಡ ಕಳೆದುಕೊಂಡು, ಒಳಕ್ಕೆ ಮರಳುತ್ತದೆ.

ಈಗ ಮೊದಲನೆಯ ತಪ್ಪಿಗೆ ಬರೋಣ. ಕಂಪ್ರೆಸರಿನ ಬುಡದಲ್ಲಿ ಯಂತ್ರಭಾಗಗಳ ಸವೆತವನ್ನು ತಡೆಯುವ ಎಣ್ಣೆ ಇರುತ್ತದೆ. ಸಾಗಿಸುವಾಗ ಪೆಟ್ಟಿಗೆಯನ್ನು ಮಲಗಿಸಿದರೆ ಅಥವಾ ಬಹಳವಾಗಿ ಓರೆಮಾಡಿದರೆ ಈ ಎಣ್ಣೆಯು ಕೊಳವೆಗಳೊಳಕ್ಕೆ ಹರಿಯುತ್ತದೆ. ಒಡನೆಯೇ ಚಾಲೂ ಮಾಡಿದರೆ ಕಂಪ್ರೆಸರಿಗೆ ಎಣ್ಣೆಯ ಕೊರತೆಯಾಗಬಹುದು. ಆದುದರಿಂದ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ತಯಾರಕರ ಕೈಪಿಡಿ ಹೇಳುವಷ್ಟು ಹೊತ್ತು, ಸಾಮಾನ್ಯವಾಗಿ ಕೆಲವು ಗಂಟೆಗಳು, ಸುಮ್ಮನೆ ಬಿಡಬೇಕು. ಮಲಗಿಸಿ ತಂದಿದ್ದರೆ ಒಂದು ದಿನ ಕಾಯುವುದು ಮೇಲು.

ನಿಲ್ಲಿಸುವ ಜಾಗದ ವಿಚಾರವೂ ಮುಖ್ಯ. 1824ರಲ್ಲಿ ಫ್ರಾನ್ಸಿನ ಸಾದಿ ಕಾರ್ನೋ ಹಾಕಿಕೊಟ್ಟ ತಳಹದಿಯಿಂದ ಇದನ್ನು ಲೆಕ್ಕಹಾಕಬಹುದು. ಒಳಗಿನ ಉಷ್ಣತೆ 5 ಡಿಗ್ರಿ, ಅಂದರೆ 278 ಕೆಲ್ವಿನ್ ಇರಲಿ. ಹೊರಗಿನ ಕೊಳವೆಗಳದು 40 ಡಿಗ್ರಿ ಇರಲಿ. ಆದರ್ಶ ಯಂತ್ರವೊಂದು ಒಂದು ಪಾಲು ವಿದ್ಯುತ್ತಿಗೆ 278ನ್ನು 35ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 8 ಪಾಲು ಶಾಖವನ್ನು ಹೊರಹಾಕೀತು. ಗೋಡೆಗೆ ಅಂಟಿಸಿ ಗಾಳಿಯಾಡದಂತೆ ಮಾಡಿ ಕೊಳವೆಗಳು 55 ಡಿಗ್ರಿಗೆ ಏರಿದರೆ ಈ ಸಂಖ್ಯೆ 5.6ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರಗಳು ಇದಕ್ಕಿಂತಲೂ ಹಿಂದೆಯೇ. ಆದರೆ ಇಳಿಯುವ ದಿಕ್ಕು ಇದೇ. ಆದುದರಿಂದ ಹಿಂದೆಯೂ ಮೇಲೆಯೂ ಪಕ್ಕಗಳಲ್ಲಿಯೂ ಕೈಪಿಡಿಯಲ್ಲಿ ಹೇಳಿದಷ್ಟು ತೆರವಿರಬೇಕು. ಒಲೆಯ ಮಗ್ಗುಲು, ಬಿಸಿಲು ಬೀಳುವ ಕಿಟಕಿ ಸಲ್ಲವು. ಮುಂಗಾಲುಗಳನ್ನು ಕೂದಲೆಳೆಯಷ್ಟು ಎತ್ತರಿಸಿದರೆ ಬಾಗಿಲು ತನ್ನ ಭಾರದಿಂದಲೇ ಮುಚ್ಚಿಕೊಳ್ಳುತ್ತದೆ.

ವಿದ್ಯುತ್ತಿನ ವಿಚಾರದಲ್ಲಿ ರಾಜಿ ಕೂಡದು. ಪೆಟ್ಟಿಗೆಯ ಮೈ ಲೋಹದ್ದು. ಅದನ್ನು ಮುಟ್ಟುವವರ ಕೈ ಅನೇಕ ವೇಳೆ ಒದ್ದೆ, ಕಾಲು ಬರಿದು. ಒಳಗೆ ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ಮೈಗೆ ತಾಗಿದರೆ, ಭೂಸಂಪರ್ಕ ಸರಿಯಿದ್ದಾಗ ವಿದ್ಯುತ್ತು ಆ ಸುಲಭದ ಹಾದಿಯನ್ನು ಹಿಡಿದು ನೆಲಕ್ಕಿಳಿಯುತ್ತದೆ. ಫ್ಯೂಸು ಕರಗಿ ಅಪಾಯ ತಪ್ಪುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಮುಟ್ಟಿದ ಮನುಷ್ಯನೇ ಹಾದಿಯಾಗುತ್ತಾನೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪನಾದ ಪಿನ್ನು ಇರುವುದು ಇದಕ್ಕಾಗಿಯೇ. ಅದನ್ನು ಕಿತ್ತು ಎರಡು ತೂತಿನ ಸಾಕೆಟ್ಟಿಗೆ ತುರುಕುವುದು ಪ್ರಾಣದೊಡನೆ ಆಟ. ಗೋಡೆಯಲ್ಲಿನ ಸಾಕೆಟ್ಟಿಗೆ ನಿಜವಾಗಿಯೂ ಭೂಸಂಪರ್ಕ ಇದೆಯೇ ಎಂಬುದನ್ನು ಬಲ್ಲ ಕೆಲಸಗಾರನಿಂದ ಪರೀಕ್ಷಿಸಿಯೇ ಪೆಟ್ಟಿಗೆಯನ್ನು ಜೋಡಿಸಬೇಕು. ಕರೆಂಟು ಹೋಗಿ ಬಂದಾಗ ಮೂರು ನಾಲ್ಕು ನಿಮಿಷ ಬಿಟ್ಟು ಚಾಲೂ ಮಾಡುವುದು ಒಳ್ಳೆಯದು. ಕೊಳವೆಗಳಲ್ಲಿನ ಒತ್ತಡಗಳು ಸಮನಾಗುವ ಮೊದಲೇ ಮೋಟಾರು ತಿರುಗಹೊರಟರೆ ಅದು ಮುಗ್ಗರಿಸಿ ಅತಿಯಾದ ವಿದ್ಯುತ್ತನ್ನು ಸೆಳೆದು ಕಾಯುತ್ತದೆ. ಅನೇಕ ಹೊಸ ಪೆಟ್ಟಿಗೆಗಳಲ್ಲಿ ಈ ವಿಳಂಬದ ಏರ್ಪಾಡು ಒಳಗೇ ಇರುತ್ತದೆ.

ಇನ್ನು ಒಳಗಿನ ಅನಿಲದ ಕಥೆ. ಹಿಂದಿನ ಕಾಲದಲ್ಲಿ ಅಮೋನಿಯ, ಗಂಧಕದ ಡೈಆಕ್ಸೈಡ್ ಮೊದಲಾದ ವಿಷಾನಿಲಗಳನ್ನು ಬಳಸುತ್ತಿದ್ದರು. ಅವು ಸೋರಿ ಜನರು ಸತ್ತದ್ದುಂಟು. ಇಂಥ ದುರಂತಗಳಿಂದ ನೊಂದ ಐನ್‌ಸ್ಟೈನರು ಲಿಯೋ ಸಿಲಾರ್ಡರೊಡನೆ ಸೇರಿ, ಚಲಿಸುವ ಭಾಗಗಳೇ ಇಲ್ಲದ ತಂಪುಪೆಟ್ಟಿಗೆಯನ್ನು ರೂಪಿಸಿ 1930ರಲ್ಲಿ ಅಮೆರಿಕದ ಪೇಟೆಂಟನ್ನು ಪಡೆದರು. ಅಷ್ಟರಲ್ಲಿ ವಿಷವೂ ಅಲ್ಲದ, ಉರಿಯೂ ಹತ್ತದ ಫ್ರಿಯಾನ್ ಬಂದಿತು. ಆದರೆ ಅದು ಮೇಲಿನ ವಾಯುಮಂಡಲದ ಓಜೋನನ್ನು ನಾಶಮಾಡಬಲ್ಲುದೆಂದು 1974ರಲ್ಲಿ ಮೊಲೀನಾ ಮತ್ತು ರೋಲೆಂಡ್ ತೋರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಅದು ಹಿಂದೆ ಸರಿಯಿತು. ಐಸೊಬ್ಯೂಟೇನಿನಿಂದ ಓಜೋನಿಗೆ ಹಾನಿಯಿಲ್ಲ. ಆದರೆ ಅದು ಅಡಿಗೆಯ ಅನಿಲದ ಹತ್ತಿರದ ಬಂಧು. ಉರಿಯುವ ಗುಣವುಳ್ಳದ್ದು.

ಒಮ್ಮೆ ನಮ್ಮ ನೆರೆಮನೆಯ ಕಾಲೇಜು ಹುಡುಗನು ಹೆಪ್ಪುಗಟ್ಟಿದ ಮಂಜನ್ನು ಚಾಕುವಿನಿಂದ ಕೆತ್ತುತ್ತಿದ್ದಾಗ ‘ಸುಸ್’ ಎಂಬ ಸದ್ದಾಯಿತು. ಅವನ ತಾಯಿ ಮಗ್ಗುಲಲ್ಲೇ ಒಲೆ ಹಚ್ಚಲು ಕಡ್ಡಿಪೆಟ್ಟಿಗೆಯನ್ನು ಕೈಗೆತ್ತಿಕೊಂಡಿದ್ದರು. ‘ಅಮ್ಮಾ, ಹಚ್ಚಬೇಡಿ!’ ಎಂದು ಹುಡುಗನು ಕೂಗಿದ್ದೇ ಅಂದಿನ ಪುಣ್ಯ.

ಆ ಕೂಗಿನ ಬೆಲೆಯನ್ನು ಲೆಕ್ಕದಿಂದ ನೋಡೋಣ. ಪೆಟ್ಟಿಗೆಯಲ್ಲಿ 50 ಗ್ರಾಂ ಐಸೊಬ್ಯೂಟೇನ್ ಇದೆಯೆನ್ನಿ. ಇದರ ಅಣುತೂಕ 58. ಆದುದರಿಂದ ಅದು ಕೋಣೆಯ ಉಷ್ಣತೆಯಲ್ಲಿ ಸುಮಾರು 21 ಲೀಟರ್ ಅನಿಲವಾಗುತ್ತದೆ. ಗಾಳಿಯಲ್ಲಿ ನೂರಕ್ಕೆ 1.8 ಭಾಗವಿದ್ದರೂ ಸಾಕು, ಅದು ಹೊತ್ತಿಕೊಳ್ಳಬಲ್ಲುದು. 28 ಘನ ಮೀಟರಿನ ಕೋಣೆಯಲ್ಲೆಲ್ಲ ಹರಡಿದರೆ ನೂರಕ್ಕೆ 0.08 ಭಾಗವೂ ಆಗದು; ಭಯವಿಲ್ಲ. ಆದರೆ 200 ಲೀಟರಿನ ಮುಚ್ಚಿದ ಪೆಟ್ಟಿಗೆಯೊಳಗೆ ಅದರ ಅರ್ಧ ಸೋರಿದರೂ ನೂರಕ್ಕೆ 5 ಭಾಗವಾಗುತ್ತದೆ. ಮೇಲಾಗಿ ಇದು ಗಾಳಿಗಿಂತ ಎರಡರಷ್ಟು ಭಾರ. ನೆಲದ ಮೇಲೆ ತಂಗುತ್ತದೆ. ಆದುದರಿಂದ ಮಂಜನ್ನು ಎಂದಿಗೂ ಚೂಪಾದ ಸಾಧನದಿಂದ ಕೆತ್ತಬಾರದು. ಪ್ಲಗ್ಗನ್ನು ತೆಗೆದು ಬಾಗಿಲು ತೆರೆದಿಟ್ಟು ತಾನಾಗಿ ಕರಗಲು ಬಿಡಬೇಕು. ಸೋರಿತೆಂಬ ಅನುಮಾನ ಬಂದರೆ ಹತ್ತಿರದಲ್ಲಿ ಬೆಂಕಿಯನ್ನು ಹಚ್ಚಬಾರದು, ಸ್ವಿಚ್ಚನ್ನಾಗಲಿ ಪ್ಲಗ್ಗನ್ನಾಗಲಿ ಮುಟ್ಟಬಾರದು. ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ನಿಂತು ರಿಪೇರಿಯವರನ್ನು ಕರೆಸಬೇಕು.

ದಿನದಿನದ ಪಾಲನೆ ಸುಲಭ. ಒಳಗೆ 4 ಡಿಗ್ರಿ, ಮಂಜಿನ ಕೋಣೆಯಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇದ್ದರೆ ಆಹಾರ ಸುರಕ್ಷಿತ. ತಂಪು ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೆ. ದೋಸೆಹಿಟ್ಟು ಅಲ್ಲಿಯೂ ಮೆಲ್ಲಮೆಲ್ಲನೆ ಹುಳಿಯಾಗುವುದೇ ಇದಕ್ಕೆ ಸಾಕ್ಷಿ. 80 ಡಿಗ್ರಿಯ ಬಿಸಿ ಸಾರಿನ ಪಾತ್ರೆಯನ್ನು ಒಳಗಿಟ್ಟರೆ, 30 ಡಿಗ್ರಿಗೆ ಆರಿದ ಸಾರಿಗಿಂತ ಮೂರರಷ್ಟು ಶಾಖವನ್ನು ಯಂತ್ರ ಹೊರಹಾಕಬೇಕಾಗುತ್ತದೆ. ಆರಿಸಿ ಇಡಿ, ಆದರೆ ಎರಡು ಗಂಟೆ ಮೀರಿ ಹೊರಗೆ ಬಿಡಬೇಡಿ. ಬಾಗಿಲನ್ನು ಪದೇಪದೇ ತೆರೆಯುವುದು ನಾವು ಕಂಡ ಎರಡನೆಯ ತಪ್ಪು: ಪ್ರತಿಸಲವೂ ತಂಪುಗಾಳಿ ಕೆಳಗಿನಿಂದ ಹೊರಚೆಲ್ಲಿ, ತೇವದ ಬಿಸಿಗಾಳಿ ಒಳನುಗ್ಗಿ, ಅದರ ತೇವವೇ ಮಂಜಾಗಿ ಕೊಳವೆಗಳಿಗೆ ಕಂಬಳಿ ಹೊದಿಸುತ್ತದೆ. ಬಾಗಿಲಿನ ರಬ್ಬರುಪಟ್ಟಿಯನ್ನು ಪರೀಕ್ಷಿಸಲು ಒಂದು ಕಾಗದದ ಚೂರನ್ನು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸಂದುಂಟು. ಒಳಭಾಗವನ್ನು ಪ್ಲಗ್ ತೆಗೆದ ಮೇಲೆ, ಅಡಿಗೆ ಸೋಡ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಒರಸಿರಿ. ಹಿಂಬದಿಯಲ್ಲಿ ಕೊಳವೆಗಳು ಕಾಣುವಂತಿದ್ದರೆ ಅವುಗಳ ಧೂಳನ್ನೂ ಆಗಾಗ್ಗೆ ತೆಗೆಯಿರಿ.

ಕಡೆಗೊಂದು ಮಾತು. ಹಿಂದಿನ ಪೆಟ್ಟಿಗೆಗಳಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕವಿರುತ್ತಿತ್ತು. ಆಟವಾಡುತ್ತ ಒಳಸೇರಿದ ಮಕ್ಕಳು ಉಸಿರುಕಟ್ಟಿ ಸತ್ತುದರಿಂದ, ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು 1956ರಲ್ಲಿ ಅಮೆರಿಕದಲ್ಲಿ ಕಾನೂನೇ ಆಯಿತು. ಈಗಿನ ಬಾಗಿಲನ್ನು ಹಿಡಿದಿಡುವುದು ರಬ್ಬರಿನೊಳಗಿನ ಅಯಸ್ಕಾಂತ; ಆದರೂ ಎಳೆಯ ಮಗುವಿಗೆ ಅದನ್ನು ತಳ್ಳುವ ಬಲವಿಲ್ಲದಿರಬಹುದು. ಹಳೆಯ ಪೆಟ್ಟಿಗೆಯನ್ನು ಹಿತ್ತಲಿಗೆ ಸಾಗಿಸುವ ದಿನ ಅದರ ಬಾಗಿಲನ್ನು ಕಳಚಿ ಬೇರೆ ಇಡುವುದು ಮನೆಯ ಹಿರಿಯರ ಕರ್ತವ್ಯ. ಅವರು ಮರೆತರೆ, ವಿಜ್ಞಾನ ಓದುವ ನೀವು ನೆನಪಿಸಿರಿ.