ಹಾಡೂ ಅವರದೇ, ಲೆಕ್ಕವೂ ಅವರದೇ

ಗಾಯಕರು ಪ್ರವಾಸ ಹೊರಟಿದ್ದಾರೆ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ವೇದಿಕೆ, ಬಣ್ಣದ ಲೈಟು, ಮೊಬೈಲ್ ಎತ್ತಿ ಹಿಡಿದ ಸಾವಿರಾರು ಜನ. ಆದರೆ ಅಮೆರಿಕದಲ್ಲಿ ಇನ್ನೊಂದು ಬಗೆಯ ಗಾಯಕರಿದ್ದಾರೆ. ಹಾಡು ಬರೆಯುವವರು, ರಾಗ ಕೂಡಿಸುವವರು, ಗಿಟಾರ್ ನುಡಿಸುತ್ತಾ ಹಾಡುವವರು ಎಲ್ಲ ಒಬ್ಬರೇ. ಅವರ ಹಿಂದೆ ದೊಡ್ಡ ರೆಕಾರ್ಡ್ ಕಂಪನಿ ಇರುವುದಿಲ್ಲ. ತಾವೇ ಕಾರು ಓಡಿಸಿಕೊಂಡು ಒಂದು ಊರಿಗೆ ಹೋಗಿ, ಐವತ್ತೋ ನೂರೋ ಜನ ಸೇರುವ ಜಾಗದಲ್ಲಿ ಹಾಡಿ, ರಾತ್ರಿ ಎಲ್ಲೋ ಮಲಗಿ, ಬೆಳಿಗ್ಗೆ ಮುಂದಿನ ಊರಿಗೆ ಹೊರಡುತ್ತಾರೆ. ಇವರನ್ನು ಇಂಡಿಪೆಂಡೆಂಟ್, ಅಂದರೆ ಸ್ವತಂತ್ರ ಕಲಾವಿದರು ಎನ್ನುತ್ತಾರೆ.

ನಾನು ಕಾಮರ್ಸ್ ವಿದ್ಯಾರ್ಥಿನಿ. ಸಂಗೀತದ ಬಗ್ಗೆ ನಮ್ಮ ಮನೆಯಲ್ಲೇ ಒಂದು ಅಭಿಪ್ರಾಯವಿಲ್ಲ. ನಾನಿಗೆ ಹಳೆಯ ಕವ್ವಾಲಿ ಎಂದರೆ ಪ್ರಾಣ, ಅಬ್ಬಾಗೆ ವಾದ್ಯಗಳು ಇಷ್ಟವಿಲ್ಲ. ಆ ಚರ್ಚೆ ಇಲ್ಲಿ ಬೇಡ. ನನಗಿದ್ದ ಪ್ರಶ್ನೆ ಬೇರೆ. ತಿಂಗಳ ಸಂಬಳವಿಲ್ಲದೆ ರಸ್ತೆಯ ಮೇಲೆ ಬದುಕುವ ಈ ವೃತ್ತಿ ನಡೆಯುವುದು ಹೇಗೆ? ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಓದುವ ಸೋಲ್ ಪ್ರೊಪ್ರೈಟರ್‌ಶಿಪ್‌ಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಬಫಲೋ ನಗರದ ಹುಡುಗಿ

ಆನಿ ಡಿಫ್ರಾಂಕೊ ಹುಟ್ಟಿದ್ದು 1970ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ. ಒಂಬತ್ತನೇ ವಯಸ್ಸಿಗೇ ಗಿಟಾರ್ ಹಿಡಿದರು. ಹದಿನೈದನೇ ವಯಸ್ಸಿಗೆ, ಅಂದರೆ ನಾವು ಎಸ್ಸೆಸ್ಸೆಲ್ಸಿ ಬರೆಯುವ ವಯಸ್ಸಿಗೆ, ಅಲ್ಲಿನ ಕಾನೂನಿನ ಪ್ರಕಾರ ಮನೆಯವರಿಂದ ಸ್ವತಂತ್ರರಾಗಿ ತಮ್ಮ ಬದುಕನ್ನು ತಾವೇ ನೋಡಿಕೊಳ್ಳತೊಡಗಿದರು.

ಅವರು ಸಣ್ಣ ಜಾಗಗಳಲ್ಲಿ ಹಾಡುತ್ತಿದ್ದಾಗ, ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು ಕ್ಯಾಸೆಟ್ ಇದೆಯಾ ಎಂದು ಕೇಳುತ್ತಿದ್ದರು. ಇರಲಿಲ್ಲ. ಹಾಗಾಗಿ 1990ರಲ್ಲಿ ತಾವೇ ಹಾಡುಗಳನ್ನು ರೆಕಾರ್ಡ್ ಮಾಡಿ 500 ಕ್ಯಾಸೆಟ್ ಮಾಡಿಸಿದರು. ಅದನ್ನು ಹೊರತರಲು, ಮುಂದೆ ರೈಟಿಯಸ್ ಬೇಬ್ ರೆಕಾರ್ಡ್ಸ್ ಎಂದು ಹೆಸರಾದ ಸ್ವಂತ ಸಂಸ್ಥೆ ಶುರುಮಾಡಿದರು. ಆಗ ಅವರಿಗೆ ಸುಮಾರು ಇಪ್ಪತ್ತು ವರ್ಷ. ಕ್ಯಾಸೆಟ್‌ಗಳನ್ನು ಕಾರಿನಲ್ಲಿ ತುಂಬಿಕೊಂಡು ಕಾಲೇಜುಗಳಿಗೆ, ಕಾಫಿ ಅಂಗಡಿಗಳಿಗೆ, ಜಾನಪದ ಉತ್ಸವಗಳಿಗೆ ಹೋದರು. ವಿದ್ಯಾರ್ಥಿಗಳು ಅವನ್ನು ಕಾಪಿ ಮಾಡಿ ಬೇರೆ ಊರಿನ ಗೆಳೆಯರಿಗೆ ಕೊಟ್ಟರು. ಕಾಪಿಯಿಂದ ಕಾಸು ಬರಲಿಲ್ಲ, ಆದರೆ ಅವರು ಹೊಸ ಊರಿಗೆ ಹೋಗುವಷ್ಟರಲ್ಲಿ ಅವರ ಹಾಡು ಅಲ್ಲಿಗೆ ಮೊದಲೇ ಹೋಗಿರುತ್ತಿತ್ತು. ದೊಡ್ಡ ಜಾಹೀರಾತಿನ ಖರ್ಚಿಲ್ಲದೆ ಮಾರುಕಟ್ಟೆ ಬೆಳೆಯಿತು. ಆಮೇಲೆ ದೊಡ್ಡ ಕಂಪನಿಗಳು ಕರೆದರೂ ಅವರು ಹೋಗಲಿಲ್ಲ.

ಒಂದು ರಾತ್ರಿಯ ಲೆಕ್ಕ

ಸಣ್ಣ ಹಾಲ್‌ಗಳು ಗಾಯಕರಿಗೆ ಸಾಮಾನ್ಯವಾಗಿ ಎರಡು ರೀತಿ ದುಡ್ಡು ಕೊಡುತ್ತವೆ. ಒಂದು, ಗ್ಯಾರಂಟಿ: ಜನ ಬರಲಿ ಬಿಡಲಿ, ಮಾತಾಡಿದಷ್ಟು ಹಣ. ಇನ್ನೊಂದು, ಡೋರ್ ಡೀಲ್: ಬಾಗಿಲಲ್ಲಿ ಸಂಗ್ರಹವಾದ ಟಿಕೆಟ್ ಹಣದಲ್ಲಿ ಪಾಲು. ಹೊಸಬರಿಗೆ ಗ್ಯಾರಂಟಿ ಸಿಗುವುದು ಅಪರೂಪ.

ಅರ್ಥವಾಗಲೆಂದು ನಾನೇ ಒಂದು ಲೆಕ್ಕ ಹಾಕಿದ್ದೇನೆ. ಇದು ಯಾರ ನಿಜವಾದ ಲೆಕ್ಕವೂ ಅಲ್ಲ. ಟಿಕೆಟ್ 10 ಡಾಲರ್, ಬಂದವರು 60 ಜನ. ಒಟ್ಟು 600. ಸೌಂಡ್ ಮತ್ತು ಇತರ ಖರ್ಚು ಎಂದು ಹಾಲ್‌ನವರು 150 ಕಳೆಯುತ್ತಾರೆ. ಉಳಿದ 450ರಲ್ಲಿ ಗಾಯಕಿಗೆ ಶೇಕಡ 70, ಅಂದರೆ 315. ಅವತ್ತಿನ ಪೆಟ್ರೋಲ್ 60, ರೂಮು 80, ಊಟ 30, ಒಟ್ಟು 170. ಕೈಯಲ್ಲಿ ಉಳಿಯುವುದು 145.

ಪರವಾಗಿಲ್ಲವಲ್ಲ ಎನಿಸುತ್ತದೆ. ಆದರೆ ಮರುದಿನ ಎಲ್ಲೂ ಕಾರ್ಯಕ್ರಮವಿಲ್ಲ, ಪ್ರಯಾಣ ಮಾತ್ರ ಎಂದುಕೊಳ್ಳಿ. ಆದಾಯ ಸೊನ್ನೆ, ಖರ್ಚು ಅದೇ 170. ಎರಡು ದಿನ ಸೇರಿಸಿದರೆ 25 ಡಾಲರ್ ನಷ್ಟ! ಆರವತ್ತು ಜನ ಚಪ್ಪಾಳೆ ತಟ್ಟಿದ ರಾತ್ರಿಯನ್ನು ಒಂದು ಖಾಲಿ ದಿನ ತಿಂದುಹಾಕುತ್ತದೆ.

ಇದನ್ನು ಉಳಿಸುವುದು ಬಾಗಿಲ ಹತ್ತಿರ ಇಟ್ಟ ಒಂದು ಟೇಬಲ್. ಅದರ ಮೇಲೆ ಸಿಡಿ, ಟೀ ಶರ್ಟ್ ಇರುತ್ತವೆ. 15 ಡಾಲರಿನಂತೆ 12 ಸಿಡಿ ಹೋದರೆ 180. ತಯಾರಿಕೆಗೆ ಒಂದಕ್ಕೆ 3 ಡಾಲರ್ ಹಿಡಿದರೆ ಲಾಭ 144. ಈಗ ಎರಡು ದಿನಕ್ಕೆ 119 ಡಾಲರ್ ಉಳಿಯಿತು. ಅದರಲ್ಲೇ ಗಿಟಾರ್ ತಂತಿ, ಕಾರಿನ ರಿಪೇರಿ, ಇನ್ಶೂರೆನ್ಸ್, ತೆರಿಗೆ ಎಲ್ಲ ಆಗಬೇಕು. ಹಾಡಿ ಸುಸ್ತಾದ ಮೇಲೂ ಇಂಥ ಗಾಯಕರು ಆ ಟೇಬಲ್ ಹತ್ತಿರ ನಿಂತು ನಗುನಗುತ್ತಾ ಮಾತಾಡುವುದು ಬರೀ ಪ್ರೀತಿಯಿಂದಲ್ಲ. ನಾಳೆಯ ಪೆಟ್ರೋಲ್ ಅಲ್ಲೇ ಇದೆ.

ಕೆಲವು ಹಾಲ್‌ಗಳು ಈ ಟೇಬಲ್ ಮಾರಾಟದಲ್ಲೂ ಪಾಲು ಕೇಳುತ್ತವೆ. ಮೇಲಿನ ಲೆಕ್ಕದಲ್ಲಿ ಶೇಕಡ 20 ಕೊಟ್ಟರೆ 36 ಡಾಲರ್ ಹೋಗಿ ಉಳಿಯುವುದು 83 ಮಾತ್ರ. ಕಲಾವಿದರು ಇದನ್ನು ಬಹಳ ಕಾಲದಿಂದ ವಿರೋಧಿಸುತ್ತಿದ್ದರು. 2023ರ ಸೆಪ್ಟೆಂಬರಿನಲ್ಲಿ ಲೈವ್ ನೇಷನ್ ಎಂಬ ದೊಡ್ಡ ಕಂಪನಿ, ತನ್ನ ಕ್ಲಬ್ ಗಾತ್ರದ ಜಾಗಗಳಲ್ಲಿ ಆ ಪಾಲು ತೆಗೆದುಕೊಳ್ಳುವುದಿಲ್ಲ ಎಂದು ಪ್ರಕಟಿಸಿತು.

ನಕ್ಷೆಯೂ ಒಂದು ಬಂಡವಾಳ

ಹಾಗಾದರೆ ಖಾಲಿ ದಿನ ಕಡಿಮೆ ಮಾಡುವುದು ಹೇಗೆ? ಊರುಗಳನ್ನು ಸರಿಯಾಗಿ ಜೋಡಿಸಬೇಕು. ಬಫಲೋದಿಂದ ಪೂರ್ವಕ್ಕೆ ಹೊರಟರೆ ಸುಮಾರು 120 ಕಿಲೋಮೀಟರಿಗೆ ರಾಚೆಸ್ಟರ್, ಅಲ್ಲಿಂದ ಸುಮಾರು 140ಕ್ಕೆ ಸಿರಾಕ್ಯೂಸ್, ಮುಂದೆ 230ರ ಆಸುಪಾಸಿನಲ್ಲಿ ಆಲ್ಬನಿ. ಒಂದೇ ದಿಕ್ಕಿನಲ್ಲಿ ಹೋಗುತ್ತಾ ಪ್ರತಿ ರಾತ್ರಿ ಒಂದೊಂದು ಊರಲ್ಲಿ ಹಾಡಬಹುದು. ಮೊದಲು ಆಲ್ಬನಿಯ ತಾರೀಖು ಒಪ್ಪಿಕೊಂಡು ಮಾರನೇ ದಿನ ರಾಚೆಸ್ಟರಿಗೆ ವಾಪಸ್ ಬರಬೇಕಾದರೆ ಪೆಟ್ರೋಲೂ ದಂಡ, ನಿದ್ದೆಯೂ ದಂಡ. ಅದಕ್ಕೇ ಪ್ರವಾಸಕ್ಕೆ ತಿಂಗಳುಗಳ ಮೊದಲೇ ಹಾಲ್‌ಗಳಿಗೆ ಪತ್ರ, ಫೋನ್ ಶುರುವಾಗುತ್ತವೆ. ವೇದಿಕೆಯ ಮೇಲೆ ಹಾಡುವುದು ಒಂದೂವರೆ ಗಂಟೆ ಇರಬಹುದು. ಉಳಿದ ಹೊತ್ತೆಲ್ಲ ಡ್ರೈವರ್, ಗುಮಾಸ್ತ, ಅಂಗಡಿಯವರ ಕೆಲಸ.

ಲೆಕ್ಕದಲ್ಲಿ ಕಾಣದ ಖರ್ಚು

ಇದನ್ನು ಓದುವಾಗ ನನಗೆ ನಮ್ಮ ಖಾಲಾ ನೆನಪಾದರು. ಅವರು ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕುತ್ತಾರೆ. ಬೇರೆ ಊರಿನ ಕೆಲಸ ಬಂದರೆ ಮೊದಲು ಕೇಳುವುದು ಕೂಲಿಯನ್ನಲ್ಲ. "ರಾತ್ರಿ ಎಷ್ಟು ಹೊತ್ತಾಗುತ್ತದೆ, ವಾಪಸ್ ಯಾರು ಬಿಡುತ್ತಾರೆ?" ಎಂದು ಕೇಳುತ್ತಾರೆ. ಅವರೂ ತಾವೇ ಮಾಡಿದ ಕೋನ್‌ಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಅಲ್ಲೇ ಮಾರುತ್ತಾರೆ. ಸೀಸನ್ ಮುಗಿಯುವಷ್ಟರಲ್ಲಿ ಅವರ ಮಣಿಕಟ್ಟು ಊದಿಕೊಂಡಿರುತ್ತದೆ.

ಒಬ್ಬಳೇ ಪ್ರಯಾಣ ಮಾಡುವ ಹೆಂಗಸಿಗೆ ಅಮೆರಿಕದಲ್ಲೂ ಸುರಕ್ಷಿತ ರೂಮು ಎಂಬುದು ಒಂದು ಖರ್ಚಿನ ಬಾಬ್ತು. ದೇಹವೂ ಅಷ್ಟೇ. ಡಿಫ್ರಾಂಕೊ ತಂತಿಯನ್ನು ಬಹಳ ಜೋರಾಗಿ ಮೀಟುತ್ತಾರೆ. ಅದಕ್ಕಾಗಿ ಬೆರಳುಗಳಿಗೆ ಕೃತಕ ಉಗುರು ಅಂಟಿಸಿ, ಮೇಲೆ ಎಲೆಕ್ಟ್ರಿಕಲ್ ಟೇಪ್ ಸುತ್ತಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಹೀಗೆ ನುಡಿಸಿ ಕೈಯ ಸ್ನಾಯುರಜ್ಜುಗಳಿಗೆ ನೋವು ಬಂದು 2005ರಲ್ಲಿ ಪ್ರವಾಸವನ್ನೇ ನಿಲ್ಲಿಸಿ ವಿಶ್ರಾಂತಿ ಪಡೆಯಬೇಕಾಯಿತು. ಯಂತ್ರ ಸವೆದರೆ ಡಿಪ್ರಿಸಿಯೇಶನ್ ಎಂದು ಬರೆಯಲು ನಮಗೆ ಕಲಿಸುತ್ತಾರೆ. ದುಡಿಯುವ ಕೈ ಸವೆದರೆ ಬರೆಯಲು ಯಾವ ಕಾಲಂ ಇದೆ? ಸಂಬಳದ ಕೆಲಸದಲ್ಲಿ ರಜೆಯಾದರೂ ಸಿಗಬಹುದು. ಒಂಟಿ ಮಾಲೀಕರಿಗೆ ಕೈ ನಿಂತ ದಿನ ಆದಾಯವೂ ನಿಂತ ಹಾಗೆ.

4.25 ಡಾಲರಿನ ವಿಷಯ

1997ರಲ್ಲಿ ಮಿಸ್ ಎಂಬ ಅಮೆರಿಕದ ಮಹಿಳಾ ಪತ್ರಿಕೆ ಡಿಫ್ರಾಂಕೊ ಅವರನ್ನು ಹೊಗಳಿ ಬರೆಯಿತು. ಸ್ವಂತ ಸಂಸ್ಥೆ ಇರುವುದರಿಂದ ಅವರಿಗೆ ಒಂದು ಆಲ್ಬಮ್‌ಗೆ 4.25 ಡಾಲರ್ ಉಳಿಯುತ್ತದೆ, ದೊಡ್ಡ ಕಂಪನಿಯ ಪ್ರಸಿದ್ಧ ಕಲಾವಿದರಿಗೂ ಅಷ್ಟು ಸಿಗುವುದಿಲ್ಲ ಎಂಬುದು ಆ ಹೊಗಳಿಕೆಯಲ್ಲಿತ್ತು. ಕಾಮರ್ಸ್ ಓದುವ ನಮಗೆ ಇದು ಒಳ್ಳೆಯ ಅಂಕಿ. ಆದರೆ ಡಿಫ್ರಾಂಕೊ ಸಂತೋಷಪಡುವ ಬದಲು ಆ ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ತನ್ನನ್ನು ಲಾಭದ ಅಂಕಿಯಿಂದ ಅಳೆಯಬೇಡಿ, ತನಗೆ ಮುಖ್ಯವಾದದ್ದು ಹಾಡುಗಳು ಮತ್ತು ತಾನು ಆರಿಸಿಕೊಂಡ ದಾರಿ ಎಂಬುದು ಅದರ ಸಾರ.

ಮೊದಲ ಸಲ ಓದಿದಾಗ ಇದು ನನಗೆ ಹಿಡಿಸಲಿಲ್ಲ. ಲಾಭ ಬಂದರೆ ಹೇಳಿಕೊಳ್ಳಲು ನಾಚಿಕೆ ಏಕೆ? ಆಮೇಲೆ ಹೊಳೆಯಿತು. ಕಂಪನಿ ಸೇರಿದ್ದರೆ ರಸ್ತೆಯ ಖರ್ಚು, ಜಾಹೀರಾತು ಎಲ್ಲ ಕಂಪನಿ ಹಾಕಬಹುದಿತ್ತು. ಆದರೆ ಯಾವ ಹಾಡು, ಯಾವ ಊರು, ಎಂಥ ಮುಖಪುಟ ಎಂಬ ಮಾತಿನಲ್ಲೂ ಕಂಪನಿಗೆ ಪಾಲು ಕೊಡಬೇಕಿತ್ತು. ಅವರು ಉಳಿಸಿಕೊಂಡಿದ್ದು ಆ ನಿರ್ಧಾರದ ಹಕ್ಕನ್ನು. 4.25 ಎಂಬುದು ಅದರ ಜೊತೆಗೆ ಬಂದದ್ದು, ಖಾಲಿ ದಿನಗಳ ನಷ್ಟವೂ ಅದರ ಜೊತೆಗೇ ಬಂದದ್ದು. ತಮ್ಮ ಸಂಸ್ಥೆಯನ್ನು ಅವರು ದೊಡ್ಡ ನಗರಕ್ಕೆ ಒಯ್ಯದೆ ಬಫಲೋದಲ್ಲೇ ಇಟ್ಟು ಅಲ್ಲಿಯವರಿಗೇ ಕೆಲಸ ಕೊಟ್ಟರು. ಕೆಡವುವ ಹಂತದಲ್ಲಿದ್ದ ಒಂದು ಹಳೆಯ ಚರ್ಚ್ ಕಟ್ಟಡವನ್ನು ಉಳಿಸಿ, ಅದನ್ನೇ ಆಫೀಸು ಮತ್ತು ಸಭಾಂಗಣ ಮಾಡಿದರು. ಇಂಥ ತೀರ್ಮಾನ ಮಾಲೀಕರು ಮಾತ್ರ ಮಾಡಬಲ್ಲರು.

ಆನಿ ಡಿಫ್ರಾಂಕೊ ಅವರ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆ ಎಂದಲ್ಲ. ಅವರ ಕೆಲವು ಹಾಡುಗಳನ್ನು ನಮ್ಮ ಮನೆಯಲ್ಲಿ ಹಾಕಲೂ ಆಗದು. ಆದರೆ ನಮ್ಮಲ್ಲಿ ಎಷ್ಟೋ ಜನ ಪಿಯುಸಿ, ಬಿಕಾಂ ಆದ ಮೇಲೆ ಸ್ವಂತ ಕೆಲಸ ಮಾಡಬೇಕೆಂದುಕೊಂಡಿದ್ದೇವೆ. ಟೈಲರಿಂಗ್, ಟ್ಯೂಷನ್, ಬೇಕರಿ, ಮೊಬೈಲ್ ರಿಪೇರಿ, ಯಾವುದಾದರೂ ಇರಲಿ. ಶುರುಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆದಿಟ್ಟುಕೊಳ್ಳೋಣ: ಕೆಲಸವಿಲ್ಲದ ದಿನದ ಖರ್ಚು ಎಷ್ಟು? ನನ್ನ ಕೈಗೆ, ಕಣ್ಣಿಗೆ, ಬೆನ್ನಿಗೆ ಬೇಕಾದ ವಿಶ್ರಾಂತಿಯ ಬೆಲೆ ಎಷ್ಟು? ಯಾವ ತೀರ್ಮಾನವನ್ನು ಎಷ್ಟು ದುಡ್ಡು ಕೊಟ್ಟರೂ ನಾನು ಬೇರೆಯವರ ಕೈಗೆ ಕೊಡುವುದಿಲ್ಲ? ಮೊದಲ ಎರಡಕ್ಕೆ ಕ್ಯಾಲ್ಕುಲೇಟರ್ ಸಾಕು. ಮೂರನೆಯದಕ್ಕೆ ಉತ್ತರ ಪ್ರತಿಯೊಬ್ಬರಿಗೂ ಬೇರೆ. ನಾನಂತೂ ಇನ್ನೂ ಯೋಚಿಸುತ್ತಿದ್ದೇನೆ.